ನಾಲ್ಕು ಬೆರಳು ಅಗಲ

ಕೆಂಪರಾಜು ಆ ಕಾರಿನ ಬಗ್ಗೆ ಕೇಳಬೇಕಾದದ್ದೆಲ್ಲ ಕೇಳಿದ್ದ, ಅಗಲ ಒಂದನ್ನು ಬಿಟ್ಟು.

ಒಂದು ಸಲ ಚಾರ್ಜ್ ಮಾಡಿದರೆ ಮೈಸೂರಿಗೆ ಹೋಗಿ ಬರಬಹುದಾ, ಮಳೆಯಲ್ಲಿ ಷಾಕ್ ಹೊಡೆಯುತ್ತಾ, ಮೇಲಿನ ಗಾಜಿನ ಚಾವಣಿ ಮೇಲೆ ತೆಂಗಿನಕಾಯಿ ಬಿದ್ದರೆ ಏನು ಗತಿ, ಎಲ್ಲ ಪ್ರಶ್ನೆಗೂ ಷೋರೂಮಿನ ಹುಡುಗಿ ನಗುನಗುತ್ತಾ ಉತ್ತರ ಕೊಟ್ಟಿದ್ದಳು. ಉದ್ದ ಎಷ್ಟು ಅಂತಲೂ ಕೇಳಿ, ಮನೆಗೆ ಬಂದು ಅಂಗಳದಲ್ಲಿ ಟೇಪು ಹಿಡಿದು, ಸರಿಯಾಗಿ ಕೂರುತ್ತೆ ಅಂತ ಸಮಾಧಾನ ಮಾಡಿಕೊಂಡಿದ್ದ. ಆನೆ ತರಲು ಹೊರಟವನು ಗಂಟೆ, ಜೂಲು, ಅಂಕುಶ ಎಲ್ಲ ವಿಚಾರಿಸಿ ಹಟ್ಟಿಯ ಬಾಗಿಲು ನೋಡುವುದನ್ನು ಮಾತ್ರ ಮರೆತ ಹಾಗೆ.

ತಪ್ಪು ಪೂರ್ತಿ ಅವನದೂ ಅಲ್ಲ. ಟೆಸ್ಟ್ ಡ್ರೈವಿನ ದಿನ ಕನಕಪುರ ರೋಡಿನ ಆಚೆ ತುದಿಯಲ್ಲಿ ಷೋರೂಮಿನವನು, "ಸಾರ್, ತಲೆ ಸೀಟಿಗೆ ಒರಗಿಸ್ಕೊಳ್ಳಿ" ಅಂದು ಒಂದೇ ಒಂದು ಸಲ ಪೆಡಲ್ ಒತ್ತಿದ್ದ. ಸದ್ದಿಲ್ಲ, ಹೊಗೆಯಿಲ್ಲ. ನಾಲ್ಕು ಎಣಿಸುವಷ್ಟರಲ್ಲಿ ವೇಗ ನೂರು ಮುಟ್ಟಿತ್ತು. ಕೆಂಪರಾಜುವಿನ ಹೊಟ್ಟೆ ಹಿಂದಿನ ಸೀಟಿನಲ್ಲೇ ಉಳಿದು, ಮಿಕ್ಕ ದೇಹವಷ್ಟೇ ಮುಂದೆ ಹೋದಂತಾಯಿತು. ಕತ್ರಿಗುಪ್ಪೆಯ ಬಣ್ಣದ ಅಂಗಡಿಯಲ್ಲಿ ಡಿಸ್ಟೆಂಪರ್ ಡಬ್ಬಗಳ ನಡುವೆ ಕೂತೂ ಕೂತೂ ಐವತ್ತು ದಾಟಿದ್ದ ಮನುಷ್ಯ ಕಾರಿಂದ ಇಳಿಯುವಾಗ ಹದಿನೆಂಟರ ಹುಡುಗನಾಗಿದ್ದ. ಹದಿನೆಂಟರ ಹುಡುಗ ಅಗಲ ಕೇಳುತ್ತಾನೆಯೇ?

ಗುರುವಾರ ಬೆಳಗ್ಗೆ ಡೆಲಿವರಿ. ಕಾರಿಗೆ ಕೆಂಪು ಸ್ಯಾಟಿನ್ ಬಟ್ಟೆ ಹೊದಿಸಿ ಮದುವಣಗಿತ್ತಿಯಂತೆ ಕೂರಿಸಿದ್ದರು. ಬಟ್ಟೆ ಎಳೆಸಿದರು, ಕೇಕು ಕತ್ತರಿಸಿದರು, ಬಾಗಿಲಗಲದ ರಟ್ಟಿನ ಕೀಲಿಯೊಂದನ್ನು ಗಂಡ ಹೆಂಡತಿ ಕೈಗೆ ಕೊಟ್ಟು ಫೋಟೋ ತೆಗೆದರು. ಕೆಂಪರಾಜುವಿನ ಹಳೆಯ ಪುಟ್ಟ ಕಾರನ್ನು ಯಾರೋ ಅದೇ ಹೊತ್ತಿಗೆ ಹಿಂಬಾಗಿಲಿಂದ ಓಡಿಸಿಕೊಂಡು ಹೋದರು. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ.

"ಸಾರ್, ಸ್ಪೋರ್ಟ್ ಮೋಡ್ ಸಿಟಿ ಒಳಗೆ ಬೇಡ," ಅಂತ ಹುಡುಗಿ ಎಚ್ಚರಿಸಿದಳು.

ಅವಳು ಹೇಳುವ ಅಗತ್ಯವೇ ಇರಲಿಲ್ಲ. ಜಯನಗರದಿಂದ ಬನಶಂಕರಿಗೆ, ಅಲ್ಲಿಂದ ಇಟ್ಟಮಡುವಿಗೆ, ನೂರಿನ ವೇಗಕ್ಕೆ ಹುಟ್ಟಿದ ಆ ಕಾರು ಒಂದು ಲಗೇಜ್ ಆಟೋದ ಹಿಂದೆ, ಅದರ ಮೇಲಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ನೋಡಿಕೊಂಡೇ ಬಂತು. ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ ಗಾಜು ತಟ್ಟಿ, "ಎಷ್ಟು ಕೊಡುತ್ತೆ ಸಾರ್?" ಅಂದ. ಕೆಂಪರಾಜು ಎದೆಯುಬ್ಬಿಸಿ ಹೇಳುವಷ್ಟರಲ್ಲಿ ಹಸಿರು ದೀಪ ಬಂದು ಸ್ಕೂಟರು ಮಾಯವಾಯಿತು. ಕಾರು ಅಲ್ಲೇ ಇತ್ತು.

"ನಡಕೊಂಡು ಬಂದಿದ್ರೆ ಇಷ್ಟೊತ್ತಿಗೆ ಅನ್ನಕ್ಕಿಡ್ತಿದ್ದೆ," ಅಂದಳು ಹೆಂಡತಿ ಶ್ವೇತ.

ಬೀದಿಗೆ ತಿರುಗುತ್ತಲೇ ಜನ ಸೇರಿದರು. ಹೂವಿನ ಯಲ್ಲಮ್ಮ ಬುಟ್ಟಿ ಬಿಟ್ಟು ಬಂದಳು. ಎದುರು ಮನೆಯ ಪಿಳ್ಳಪ್ಪ ಲುಂಗಿ ಕಟ್ಟಿಕೊಳ್ಳುತ್ತಾ ಬಂದ. ಪಿಳ್ಳಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವನು. ಕೆಲಸ ಬಿಟ್ಟಿದ್ದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಬೀದಿಯಲ್ಲಿ ಯಾವ ವಾಹನ ಹಿಂದೆ ಮುಂದೆ ಆದರೂ ಅವನ ಅಪ್ಪಣೆಯಿಲ್ಲದೆ ಆಗಕೂಡದು.

ನಾಲ್ಕು ನಿಂಬೆಹಣ್ಣು ನಾಲ್ಕು ಚಕ್ರಕ್ಕೆ ಬಲಿಯಾದವು. ಇನ್ನು ಉಳಿದದ್ದು ಕಾರನ್ನು ಮನೆಗೆ ಸೇರಿಸುವುದು.

ಕೆಂಪರಾಜುವಿನ ಮನೆ ಬೀದಿಯ ಮೇಲಿಲ್ಲ, ಹಿಂದಿದೆ. ಬೀದಿಗೆ ಮುಖ ಮಾಡಿ ನಿಂತಿರುವುದು ಅವನ ಅಣ್ಣ ಮುನಿಯಣ್ಣನ ಮನೆ. ಅದರ ಪಕ್ಕದ ಓಣಿಯಲ್ಲಿ ಒಂದು ನಲವತ್ತಡಿ ಹೋದರೆ ತಮ್ಮನ ಅಂಗಳ. ಚಾರ್ಜ್ ಮಾಡುವ ಪೆಟ್ಟಿಗೆಯನ್ನು ಕಂಪನಿಯವರು ಹಿಂದಿನ ವಾರವೇ ಬಂದು ಆ ಅಂಗಳದ ಗೋಡೆಗೆ ಬಿಗಿದು ಹೋಗಿದ್ದರು.

ಕಾರು ಓಣಿಯ ಬಾಯಿಗೆ ಮೂತಿ ಇಟ್ಟಿತು. ಇಟ್ಟದ್ದೇ ತಡ, ಒಳಗೆ ಕೀಂ ಕೀಂ ಅಂತ ಶುರುವಾಯಿತು. ಎದುರಿನ ಪರದೆಯ ಎರಡೂ ಕಡೆ ಕೆಂಪು ಗೆರೆ ಮೂಡಿದವು.

"ಅದು ಹಂಗೇ ಕಿರುಚ್ತದೆ, ಹೊಸದು," ಅಂದ ಪಿಳ್ಳಪ್ಪ. ಕಾರಿನ ಮುಂದೆ ನಿಂತು ಸೀಟಿ ಊದಿ ಕೈಬೀಸಿದ. "ರೈಟ್! ರೈಟ್!"

ಕಂಡಕ್ಟರ್ ಬಾಯಲ್ಲಿ ರೈಟ್ ಅಂದರೆ ಹೊರಡು ಅಂತ ಅರ್ಥ. ಅದು ಬೆಂಗಳೂರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಕೆಂಪರಾಜುವಿಗೂ ಗೊತ್ತು. ಆದರೆ ಆ ಕೀಂ ಕೀಂ ಸದ್ದಿಗೆ ತಲೆ ಗಿರ್ರೆಂದಿತ್ತಲ್ಲ, ಅವನು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದ.

"ರೈಟ್! ರೈಟ್! ರೈಟ್!"

ಅವನು ಇನ್ನೂ ಬಲಕ್ಕೆ ತಿರುಗಿಸಿದ. ಅಪ್ಪಳ ಮುರಿದಂಥ ಒಂದು ಸದ್ದಾಯಿತು. ಗೇಟಿನ ಕಂಬಕ್ಕೆ ಮುಂದಿನ ಬಂಪರಿನ ಮೂಲೆ ಉಜ್ಜಿ, ಹೊಳೆಯುವ ನೀಲಿ ಬಣ್ಣದ ಮೇಲೆ ಬೆಕ್ಕು ಪರಚಿದಂತೆ ಮೂರು ಗೆರೆ ಬಿದ್ದವು.

"ಹೋಲ್ಡಾನ್!" ಅಂದ ಪಿಳ್ಳಪ್ಪ, ಎಲ್ಲ ಮುಗಿದ ಮೇಲೆ.

"ರೈಟ್ ಅಂದ್ರಲ್ಲ ನೀವು!"

"ಹೂಂ. ಮುಂದಕ್ಕೆ ಬಾ ಅಂದೆ. ಬಲಕ್ಕೆ ಬಾ ಅನ್ನೋಕೆ ನಾನೇನು ಟ್ರಾಫಿಕ್ ಪೊಲೀಸಾ?"

ಅಷ್ಟರಲ್ಲಿ ಹಿಂದೆ ನೀರಿನ ಟ್ಯಾಂಕರ್ ಬಂದು ನಿಂತು ಹಾರ್ನ್ ಬಾರಿಸತೊಡಗಿತು. ಅದರ ಹಿಂದೆ ಕಸದ ಆಟೋ. ಕಾರು ಓಣಿಯ ಬಾಯಲ್ಲಿ, ನುಂಗಲಾರದ ಉಗುಳಲಾರದ ಕಡುಬಿನಂತೆ. ಸಲಹೆಗಳಿಗೇನೂ ಬರವಿರಲಿಲ್ಲ. ಕನ್ನಡಿ ಮಡಚಿ ಅಂದರು, ಮಡಚಿದ. ಟೈರಿನ ಗಾಳಿ ಇಳಿಸಿ ಅಂದರು. ಗೇಟು ಕಳಚಿ ಅಂದರು. "ಎಳ್ಳೆಣ್ಣೆ ಹಚ್ಚಿ ನಾಕು ಜನ ನೂಕ್ರಿ, ಜಾರ್ಕೊಂಡು ಹೋಗ್ತದೆ," ಅಂದಳು ಯಲ್ಲಮ್ಮ, ಬಾಣಂತಿಗೆ ಹೇಳುವಷ್ಟೇ ಕಾಳಜಿಯಿಂದ.

ಕೊನೆಗೆ ಟ್ಯಾಂಕರಿನ ಡ್ರೈವರನೇ ತಾಳ್ಮೆಗೆಟ್ಟು ಕೆಳಗಿಳಿದು ಬಂದ. ಟೇಪು ತರಿಸಿ ಓಣಿಗೊಮ್ಮೆ ಕಾರಿಗೊಮ್ಮೆ ಹಿಡಿದ. ಕಾರು ಓಣಿಗಿಂತ ನಾಲ್ಕು ಬೆರಳು ಅಗಲ ಇತ್ತು.

ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಓಣಿಯ ಎಡಕ್ಕೆ, ಬೀದಿಯಿಂದ ಅಂಗಳದವರೆಗೆ ಆಳೆತ್ತರ ನಿಂತಿದ್ದ ಗೋಡೆಯ ಕಡೆಗೆ. ಪಿಳ್ಳಪ್ಪ ಸೀಟಿಯನ್ನು ಬನಿಯನ್ನಿನೊಳಗೆ ಹಾಕಿಕೊಂಡ.

ಆ ಗೋಡೆಯನ್ನು ಕಟ್ಟಿಸಿದವನು ಕೆಂಪರಾಜುವೇ.

ಅಪ್ಪ ಚಿಕ್ಕಬೈರಪ್ಪ ಬದುಕಿದ್ದಾಗ ಓಣಿ ಈಗಿನ ಎರಡರಷ್ಟು ಅಗಲವಿತ್ತು. ಎತ್ತಿನ ಗಾಡಿ ಒಳಗೆ ಹೋಗಿ ತಿರುಗಿಕೊಂಡು ಬರುತ್ತಿತ್ತು. ಪಾಲಾದ ಮೇಲೂ ಓಣಿ ಇಬ್ಬರಿಗೂ ಸೇರಿದ್ದಾಗಿ ಹಾಗೇ ಉಳಿದಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ ಅತ್ತಿಗೆ ಸೊಣ್ಣಮ್ಮ ಅಲ್ಲಿ ಸೀರೆ ಹಾಸಿ ಅರಳು ಸಂಡಿಗೆ ಇಟ್ಟಿದ್ದಳು. ಅಂಗಡಿಯಿಂದ ಊಟಕ್ಕೆ ಬಂದ ಕೆಂಪರಾಜುವಿನ ಬೈಕು ಸಂಡಿಗೆಯ ಮೇಲೆ ಹೋಯಿತು. ಸೊಣ್ಣಮ್ಮ, "ಕಣ್ಣು ಅಂಗಡೀಲಿ ಬಿಟ್ಟು ಬಂದ್ಯಾ?" ಅಂದಳು. ಶ್ವೇತ ಒಳಗಿನಿಂದ, "ಓಣಿ ಇರೋದು ಓಡಾಡೋಕೆ" ಅಂದಳು. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸಂಡಿಗೆಯಿಂದ ಅಪ್ಪನ ತಿಥಿಯ ಖರ್ಚಿಗೆ, ಅಲ್ಲಿಂದ ಯಾರ ಮದುವೆಯಲ್ಲಿ ಯಾರಿಗೆ ಎಂಥ ಸೀರೆ ಕೊಟ್ಟರು ಅನ್ನುವಲ್ಲಿಗೆ ಮಾತು ಹೋಯಿತು. ಮಾರನೇ ದಿನವೇ ಕೆಂಪರಾಜು ಸರ್ವೆಯವರನ್ನು ಕರೆಸಿ ಓಣಿಯ ನಟ್ಟನಡುವೆ ದಾರ ಎಳೆಸಿದ್ದ.

ಮುನಿಯಣ್ಣ ಒಂದೇ ಒಂದು ಮಾತು ಹೇಳಿದ್ದ. "ಗೋಡೆ ಬೇಡ ಕಣೋ ಕೆಂಪ. ಬೇಕಾದ್ರೆ ಓಣಿ ಪೂರ್ತಿ ನೀನೇ ಇಟ್ಕೊ."

"ನಂಗೆ ಯಾರ ದಾನವೂ ಬೇಡ. ನನ್ನ ಪಾಲು ನಂಗಿದ್ರೆ ಸಾಕು," ಅಂದಿದ್ದ ಕೆಂಪರಾಜು. ಆ ಪಾಲಿಗೆ ಈಗ ನಾಲ್ಕು ಬೆರಳು ಕಮ್ಮಿ ಬಿದ್ದಿತ್ತು.

ಅಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಗೋಡೆಯಾಚೆ ಅಣ್ಣ ಕೆಮ್ಮಿದರೆ ಈಚೆ ತಮ್ಮ ಟೀವಿ ಸದ್ದು ಜಾಸ್ತಿ ಮಾಡುತ್ತಿದ್ದ.

"ರೀ, ಹೋಗಿ ಭಾವನ್ನ ಒಂದು ಮಾತು ಕೇಳಿ," ಅಂದಳು ಶ್ವೇತ.

"ಪ್ರಾಣ ಹೋದ್ರೂ ಇಲ್ಲ."

"ಪ್ರಾಣ ಹೋಗಲ್ಲ. ಬೀದೀಲಿಟ್ರೆ ಕಾರು ಹೋಗುತ್ತೆ."

ಕೆಂಪರಾಜು ಬೇರೆ ಜಾಗ ಹುಡುಕಿಕೊಂಡು ಹೊರಟ. ಖಾಲಿ ಸೈಟಿನ ಮುಂದೆ ನಿಲ್ಲಿಸಿದರೆ ಸೈಟಿನವನ ಮಾವ ಎಲ್ಲಿಂದಲೋ ಉದ್ಭವಿಸಿದ. ಟ್ರಾನ್ಸ್‌ಫಾರ್ಮರ್ ಪಕ್ಕ ನಿಲ್ಲಿಸಿದರೆ, "ಕರೆಂಟ್ ಕಾರು, ಕರೆಂಟ್ ಪೆಟ್ಟಿಗೆ, ಎರಡೂ ಸೇರಿದ್ರೆ ಬೀದಿಯೇ ಹಾರಿಹೋಗ್ತದೆ" ಅಂತ ಇಸ್ತ್ರಿ ಅಂಗಡಿಯವನು ಗಲಾಟೆ ಎಬ್ಬಿಸಿದ. ಮುಖ್ಯರಸ್ತೆಯ ಮದುವೆ ಛತ್ರದ ಮುಂದೆ ಒಂದಿಷ್ಟು ನೆರಳು ಕಂಡಿತು. ವಾಚ್‌ಮನ್‌ಗೆ ಕೈಮುಗಿದು, ಅಲ್ಲಿ ನಿಲ್ಲಿಸಿ, ಯಾರದಾದರೂ ಗ್ಯಾರೇಜು ಬಾಡಿಗೆಗೆ ಸಿಗುತ್ತದಾ ಅಂತ ಎರಡು ಬೀದಿ ಸುತ್ತಿದ. ಎಲ್ಲೂ ಸಿಗಲಿಲ್ಲ.

ತಿರುಗಿ ಬರುವಷ್ಟರಲ್ಲಿ ಕಾರು ಮದುವೆಗೆ ಸಿದ್ಧವಾಗಿತ್ತು. ಬಾನೆಟ್ ಮೇಲೆ ಗುಲಾಬಿಯ ಹೃದಯ, ಬಾಗಿಲಿಗೆಲ್ಲ ಸೇವಂತಿಗೆಯ ಸರ, ಹಿಂದಿನ ಗಾಜಿಗೆ ಥರ್ಮೋಕೋಲಿನಲ್ಲಿ ಕೊರೆದ ಯಾರೋ ವಧೂವರರ ಹೆಸರು. ಅಂಟಿಸಿದ್ದು ಟೇಪಿನಿಂದ.

"ಯಾರ್ರೀ ಇದು ಮಾಡಿದ್ದು!"

"ಗಂಡಿನ ಕಡೆಯವರಾ ಸಾರ್?" ಅಂದ ಹೂವಿನ ಅಲಂಕಾರದವನು. "ಹೊಸಾ ಕಾರು, ಛತ್ರದ ಮುಂದೆ ನಿಂತಿದೆ. ಬೇರೆ ಯಾರದು ಅಂದ್ಕೊಳ್ಳಲಿ ಹೇಳಿ?"

ಕೆಂಪರಾಜು ಒಂದು ಸೇವಂತಿಗೆ ಸರ ಕಿತ್ತ. ಅದರ ಜೊತೆ ಟೇಪು ಬಂತು, ಟೇಪಿನ ಅಂಟು ಅಲ್ಲೇ ಉಳಿಯಿತು. ಬಣ್ಣದ ಅಂಗಡಿಯವನ ಕರುಳು ಚುರ್ರೆಂದಿತು. ಇನ್ನು ಕೀಳುವ ಧೈರ್ಯವಾಗದೆ, ಮದುಮಗನ ಕಾರಿನಲ್ಲಿ ಒಬ್ಬನೇ ಕೂತು, ಬೆವರು ಒರೆಸಿಕೊಳ್ಳುತ್ತಾ ತನ್ನ ಬೀದಿಗೆ ವಾಪಸು ಬಂದ.

"ಏನ್ ಕೆಂಪಣ್ಣ," ಪಿಳ್ಳಪ್ಪ ಕಟ್ಟೆಯ ಮೇಲಿಂದಲೇ ಕೂಗಿದ, "ಒಂದೇ ದಿನದಲ್ಲಿ ಹೊಸ ಕಾರೂ ಆಯ್ತು, ಹೊಸ ಸಂಬಂಧವೂ ಆಯ್ತಾ?"

ಇಡೀ ಬೀದಿ ನಕ್ಕಿತು. ಶ್ವೇತ ಹೊರಬಂದು ಹಿಂದಿನ ಗಾಜಿನ ಮೇಲಿದ್ದ ಹೆಣ್ಣಿನ ಹೆಸರನ್ನು ಒಂದೊಂದಕ್ಷರ ಬಿಡದೆ ಓದಿದಳು. ಗಂಡನ ಮುಖ ನೋಡಿದಳು. ಸರಸರ ಒಳಗೆ ನಡೆದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಇಳಿಹೊತ್ತಿಗೆ ಕೆಂಪರಾಜು ಚಪ್ಪಲಿ ಬಿಟ್ಟು ಅಣ್ಣನ ಮನೆಯ ಮೆಟ್ಟಿಲು ಹತ್ತಿದ. ಕಾಲಿಂಗ್ ಬೆಲ್ ಎಲ್ಲಿದೆ ಅಂತ ತಡಕಾಡಬೇಕಾಯಿತು. ಅವನು ಓಡಾಡುತ್ತಿದ್ದ ಕಾಲದಲ್ಲಿ ಆ ಬಾಗಿಲಿಗೆ ಬೆಲ್ ಬೇಕಿರಲಿಲ್ಲ.

ಬಾಗಿಲು ತೆಗೆದದ್ದು ಮುನಿಯಣ್ಣನೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಮಂಡಿಗೆ ಬೆಲ್ಟು ಸುತ್ತಿತ್ತು. ಒಂದೇ ಗೋಡೆಯಾಚೆ ಇದ್ದುಕೊಂಡು ಇದಾವುದೂ ಕೆಂಪರಾಜುವಿಗೆ ಗೊತ್ತಿರಲಿಲ್ಲ.

"ಬಾ," ಅಂದ ಮುನಿಯಣ್ಣ, ನಿನ್ನೆ ತಾನೇ ಬಂದು ಹೋದವನಿಗೆ ಹೇಳಿದ ಹಾಗೆ. "ಸೊಣ್ಣಿ, ಕೆಂಪ ಬಂದವ್ನೆ. ಕಾಫಿ ಇಡು."

ಕೆಂಪರಾಜು ಕುರ್ಚಿಯ ತುದಿಯಲ್ಲಿ ಕೂತ. "ನೀವು... ಹುಷಾರಾಗಿದ್ದೀರಾ?"

"ನೀವು ಅಂತ ಯಾರ್ನ ಕರೀತಿದ್ದೀಯೋ? ಇಲ್ಲಿರೋದು ನಾನೊಬ್ನೇ."

ಸೊಣ್ಣಮ್ಮ ಕಾಫಿ ತಂದಿಟ್ಟಳು. ಅವಳ ಮುಖದ ಮೇಲೆ ನಗುವಿತ್ತೋ ಅಳುವಿತ್ತೋ, ಕೆಂಪರಾಜು ತಲೆಯೆತ್ತಿ ನೋಡಲಿಲ್ಲ. ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳೆಲ್ಲ ಕಾಫಿಯ ಹಬೆಯ ಜೊತೆ ಹಾರಿಹೋಗಿದ್ದವು.

"ಕಾರು ಚೆನ್ನಾಗಿದೆ," ಅಂದ ಮುನಿಯಣ್ಣ. "ಬೆಳಗ್ಗೆಯಿಂದ ಕಿಟಕೀಲಿ ನೋಡ್ತಿದ್ದೆ. ಪಿಳ್ಳಪ್ಪನ್ನ ನಂಬ್ಕೊಂಡು ಓಡಿಸ್ತಾರೇನೋ? ಅವನು ಕಂಡಕ್ಟರ್ ಆಗಿದ್ದಾಗ್ಲೇ ಬಸ್ಸು ಎರಡು ಸಲ ಅಂಗಡಿ ಒಳಗೆ ಹೋಗಿತ್ತು."

ಕೆಂಪರಾಜುವಿಗೆ ನಗು ಬಂತು. ನಗುತ್ತಲೇ ಲೋಟ ಕೆಳಗಿಟ್ಟ. "ಅಣ್ಣ, ಆ ಗೋಡೆ..."

"ಒಡೆದುಬಿಡು."

"ಆಂ?"

"ನೀನು ಕೇಳೋಕೆ ಮುಂಚೆ ನಾನೇ ಬರ್ಬೇಕು ಅಂತಿದ್ದೆ. ಹೂವಿನ ಕಾರಲ್ಲಿ ಬಂದ್ಯಲ್ಲ, ಆಗ ನಗು ತಡಿಯೋಕಾಗದೆ ಕೂತ್ಬಿಟ್ಟೆ. ಬಾ, ಬೆಳಕಿರೋವಾಗ್ಲೇ ಮುಗಿಸೋಣ."

ಹನ್ನೊಂದು ವರ್ಷ ಭಾರವಾಗಿ ಹೊತ್ತದ್ದು ಒಂದು ಲೋಟ ಕಾಫಿಯಲ್ಲಿ ಇಳಿದುಹೋಗಿತ್ತು. ಹಿತ್ತಲಿನಿಂದ ಹಾರೆ ತಂದು ಮೊದಲ ಏಟು ಹಾಕಿದವನು ಮುನಿಯಣ್ಣ. ಎರಡನೇದು ತಮ್ಮನದು. ಆಮೇಲೆ ಬೀದಿಗೆ ಬೀದಿಯೇ ಕೈ ಹಾಕಿತು. ಟ್ಯಾಂಕರಿನವನು ಎರಡನೇ ಟ್ರಿಪ್ಪಿಗೆ ಬಂದವನು ಸುತ್ತಿಗೆ ಹಿಡಿದ. ಇಟ್ಟಿಗೆ ಎತ್ತಿಡಲು ಯಲ್ಲಮ್ಮ ಸೆರಗು ಕಟ್ಟಿದಳು. ಸೊಣ್ಣಮ್ಮ ಮತ್ತು ಶ್ವೇತ ಎದುರುಬದುರು ನಿಂತು ಮೊದಲು ಧೂಳಿನ ಬಗ್ಗೆ ಮಾತಾಡಿದರು, ಆಮೇಲೆ ಸಾರಿನ ಬಗ್ಗೆ, ಆಮೇಲೆ ಯಾವುದರ ಬಗ್ಗೆಯೋ ಇಬ್ಬರೂ ಕಣ್ಣೊರೆಸಿಕೊಂಡರು. ಪಿಳ್ಳಪ್ಪ ಮಾತ್ರ ಏನೂ ಒಡೆಯದೆ ಎಲ್ಲರಿಗೂ ರೈಟ್ ಹೇಳುತ್ತಾ ನಿಂತಿದ್ದ.

ದೀಪ ಹಚ್ಚುವ ಹೊತ್ತಿಗೆ, ಗುಲಾಬಿ ಸೇವಂತಿಗೆ ಸಮೇತ ಕಾರು ಸದ್ದಿಲ್ಲದೆ ಓಣಿಯೊಳಗೆ ತೇಲಿ ಬಂತು. ಒಂದು ಕೀಂ ಇಲ್ಲ. ಅಂಗಳದಲ್ಲಿ ನಿಂತು ಚಾರ್ಜಿನ ಹಸಿರು ದೀಪ ಮಿನುಗಿದಾಗ ಬೀದಿಯವರು ಚಪ್ಪಾಳೆ ತಟ್ಟಿದರು.

ಜನ ಚದುರಿದ ಮೇಲೆ ಅಣ್ಣ ತಮ್ಮ ಇಬ್ಬರೇ ಇಟ್ಟಿಗೆ ರಾಶಿಯ ಮೇಲೆ ಕೂತರು. ಕೆಂಪರಾಜುವಿನ ಎದೆ ತುಂಬಿ ಬಂದಿತ್ತು. ತುಂಬಿದ ಎದೆಗೆ ಮಾತು ಜಾಸ್ತಿ.

"ನಾಳೆನೇ ಈ ಇಟ್ಟಿಗೆ ತೆಗೆಸ್ತೀನಿ ಅಣ್ಣ. ಓಣಿಗೆ ಪೂರ್ತಿ ಟೈಲ್ಸ್ ಹಾಕಿಸ್ತೀನಿ. ಮೇಲೊಂದು ಶೀಟು. ಅತ್ತಿಗೆ ಎಷ್ಟು ಬೇಕಾದ್ರೂ ಸಂಡಿಗೆ ಇಟ್ಕೊಳ್ಳಲಿ, ಕಾರು ಆಚೆ ಕಡೆಯಿಂದ ಹೋಗುತ್ತೆ. ನಿನಗೆ ಮಂಡಿ ಡಾಕ್ಟ್ರ ಹತ್ರ ಹೋಗ್ಬೇಕಾದ್ರೆ ನಾನಿದ್ದೀನಿ. ನಾಲ್ಕು ಎಣಿಸೋದ್ರಲ್ಲಿ..."

"ಕೆಂಪ," ಅಂದ ಮುನಿಯಣ್ಣ. ಒಂದು ಇಟ್ಟಿಗೆ ಚೂರನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಮನೆ ಕೊಟ್ಬಿಟ್ಟೆ ಕಣೋ."

"ಯಾರಿಗೆ? ಬಾಡಿಗೆಗಾ?"

"ಮಾರಿದೆ. ಹೋದ ತಿಂಗಳು ರಿಜಿಸ್ಟ್ರೇಷನ್ ಆಯ್ತು. ಭಾನುವಾರ ಖಾಲಿ ಮಾಡ್ತೀವಿ. ಇಂದ್ರಾಣಿ ಚಂದಾಪುರದಲ್ಲಿ ಮನೆ ಕಟ್ಟಿದ್ದಾಳಲ್ಲ, ಕೆಳಗಡೆ ನಮ್ಗೇ ಅಂತ ಎರಡು ರೂಮು ಹಾಕ್ಸಿದ್ದಾಳೆ ಮಗಳು. ತಗೊಂಡೋನು ಇದನ್ನ ಕೆಡವಿ ನಾಲ್ಕಂತಸ್ತು ಎತ್ತುತ್ತಾನಂತೆ. ಈ ಗಡಿವರೆಗೂ."

ಕೆಂಪರಾಜುವಿಗೆ ಮೊದಲು ಹೊಳೆದದ್ದು ಕಾರು. ಸೋಮವಾರದಿಂದ ಓಣಿ ಮತ್ತೆ ಅಷ್ಟೇ ಅಗಲ. ಆಮೇಲೆ ಹೊಳೆದದ್ದು ಅಣ್ಣ. ಮೊದಲು ಹೊಳೆದದ್ದು ಕಾರು ಅನ್ನುವುದಕ್ಕೆ ಅವನು ಮುಂದೆ ಬಹಳ ದಿನ ತನ್ನನ್ನು ತಾನೇ ಬೈದುಕೊಂಡ.

"ನಂಗೊಂದು ಮಾತು ಹೇಳ್ಬಾರ್ದಿತ್ತಾ ಅಣ್ಣ? ನಾನೇ ತಗೊಳ್ತಿದ್ನಲ್ಲ! ಈ ಕಾರು ಹಾಳಾಗ್ಲಿ, ಸಾಲ ಮಾಡಿಯಾದ್ರೂ..."

"ಹೇಳೋಕೆ ಫೋನ್ ಮಾಡ್ದೆ. ಕಟ್ ಮಾಡ್ದೆ ನೀನು. ಮತ್ತೆ ಮಾಡ್ದೆ, ಮತ್ತೆ ಕಟ್ ಮಾಡ್ದೆ. ಸೊಣ್ಣಿ ಹೇಳಿದ್ಲು, ಮನೆಗೇ ಹೋಗಿ ಬನ್ನಿ ಅಂತ. ಬಂದೆ. ಶ್ವೇತ ಇರ್ಲಿಲ್ಲ, ನೀನೂ ಇರ್ಲಿಲ್ಲ. ಎಲ್ಲೋ ಕಾರು ನೋಡೋಕೆ ಹೋಗಿದ್ದಾರೆ ಅಂದ ಪಿಳ್ಳಪ್ಪ."

ಕೆಂಪರಾಜುವಿಗೆ ಆ ದಿನ ನೆನಪಾಯಿತು. ಫೋನಿನಲ್ಲಿ ಅಣ್ಣನ ಹೆಸರು ಬಂದಾಗ ಅವನು ಷೋರೂಮಿನಲ್ಲಿ ಕಡುನೀಲಿಯೋ ತಿಳಿನೀಲಿಯೋ ಅಂತ ಯೋಚಿಸುತ್ತಾ ಕೂತಿದ್ದ. ಇವನದೇನಿರುತ್ತೆ, ಮತ್ತೆ ಓಣಿಯ ತಕರಾರು ಅಂದುಕೊಂಡು ಕೆಂಪು ಗುಂಡಿ ಒತ್ತಿದ್ದ.

"ಮತ್ತೆ ಗೋಡೆ ಯಾಕೆ ಒಡೆಸ್ದೆ? ಅವನು ಬಂದು ಗಲಾಟೆ ಮಾಡಲ್ವಾ?"

"ಮಾಡ್ತಾನೆ. ನೀನು ಮತ್ತೆ ಕಟ್ಟಿಸ್ಕೊಡು." ಮುನಿಯಣ್ಣ ಇಟ್ಟಿಗೆ ಚೂರನ್ನು ರಾಶಿಗೆ ಎಸೆದ. "ಭಾನುವಾರದ ತನಕ ಕೀಲಿ ನನ್ನ ಹತ್ರಾನೇ ಇರ್ತದೆ. ಹೋಗೋಕೆ ಮುಂಚೆ ಗೋಡೆ ಇಲ್ದಿರೋ ಮನೇಲಿ ಎರಡು ದಿನ ಇರೋಣ ಅನ್ನಿಸ್ತು."

ಶುಕ್ರವಾರ, ಶನಿವಾರ ಎರಡೂ ಮನೆಗೆ ಒಂದೇ ಅಡುಗೆಯಾಯಿತು. ಶನಿವಾರ ಮನೆ ಕೊಂಡವನ ಕಡೆಯವರು ಬಂದು ನೋಡಿ, ಸೋಮವಾರದೊಳಗೆ ಗೋಡೆ ಏಳಬೇಕು ಅಂತ ಹೇಳಿ ಹೋದರು. ಕೆಂಪರಾಜು ತಲೆಯಾಡಿಸಿದ. ಕಾರನ್ನು ಎಲ್ಲಿ ನಿಲ್ಲಿಸುವುದು ಅನ್ನುವುದು ಅವನಿಗಿನ್ನೂ ಗೊತ್ತಿರಲಿಲ್ಲ. ಟೇಪಿನ ಅಂಟೂ ಪೂರ್ತಿ ಹೋಗಿರಲಿಲ್ಲ.

ಭಾನುವಾರ ಸಾಮಾನಿನ ಲಾರಿ ಮುಂದೆ ಹೋಯಿತು. ಅಣ್ಣ ಅತ್ತಿಗೆಯನ್ನು ಕೆಂಪರಾಜು ತನ್ನ ಕಾರಿನಲ್ಲಿ ಕೂರಿಸಿಕೊಂಡ. ನೈಸ್ ರೋಡು ಹತ್ತಿದಾಗ ಬಿಸಿಲು ಹರಡಿತ್ತು, ರಸ್ತೆ ಖಾಲಿ ಇತ್ತು, ಕಣ್ಣು ಹಾಯುವಷ್ಟು ದೂರ ಒಂದು ಆಟೋ ಕೂಡ ಇರಲಿಲ್ಲ. ಆ ಕಾರು ಹುಟ್ಟಿದ್ದೇ ಅಂಥ ರಸ್ತೆಗೆ. ಕೆಂಪರಾಜುವಿನ ಕಾಲು ಮಾತ್ರ ಪೆಡಲಿನ ಮೇಲೆ ಬೆಕ್ಕಿನ ಕಾಲಿನಂತೆ ಹಗುರಾಗಿ ಕೂತಿತ್ತು. ಕೋಳಿ ತುಂಬಿದ ಟೆಂಪೋ ಒಂದು ಹಾರ್ನ್ ಮಾಡಿ ಮುಂದೆ ಹೋಯಿತು. ಅದರ ಹಿಂದೆಯೇ ಹಾಲಿನ ವ್ಯಾನು ಹೋಯಿತು.

ಸೊಣ್ಣಮ್ಮ ಹಿಂದಿನ ಸೀಟಿನಿಂದ ಮುಂದೆ ಬಾಗಿದಳು. "ಯಾಕೋ ಕೆಂಪ, ಕಾರು ಕೆಟ್ಟೋಯ್ತಾ?"

"ಇಲ್ಲ ಅತ್ತಿಗೆ," ಅಂದ ಕೆಂಪರಾಜು, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ. "ಹೊಸದು ನೋಡಿ. ಹೊಸದ್ರಲ್ಲಿ ನಿಧಾನಕ್ಕೇ ಓಡಿಸ್ಬೇಕಂತೆ."